ಬೀಗ ಯಾವುದಕ್ಕೆ, ಕೊನೆ ಯಾವಾಗ: ಕರ್ನಲ್ ಪ್ಯಾಚ್ ಓದುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲೇ ಲೆಕ್ಕ ಹಾಕುತ್ತಾರೆ. ಮನೆಯ ಮುಂದಿನ ಬಯಲಿನಲ್ಲಿ ನೆಟ್ಟ ಮಳೆಮಾಪಕದ ನೀರನ್ನು ಬೆಳಿಗ್ಗೆ ಗಾಜಿನ ಅಳತೆಪಾತ್ರೆಗೆ ಸುರಿದು, ಇಂಚಿನ ನೂರನೇ ಒಂದು ಪಾಲಾದ ಸೆಂಟಿನವರೆಗೆ ಓದಿ ಪುಸ್ತಕದಲ್ಲಿ ಬರೆದಿಡುವುದು ಅನೇಕ ಮನೆಗಳಲ್ಲಿ ಅಜ್ಜನ ಕಾಲದಿಂದ ನಡೆದುಬಂದ ರೂಢಿ. ಹೂಮಳೆ ಎಷ್ಟು ಸೆಂಟು ಬಿತ್ತು, ಅದರ ಬೆನ್ನಿಗೆ ಬರಬೇಕಾದ ಮಳೆ ಎಷ್ಟು ದಿನ ತಡವಾಯಿತು ಎಂಬುದರ ಮೇಲೆ ಫಸಲು ನಿಂತಿರುವಾಗ ಈ ಲೆಕ್ಕವನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಸೋಮವಾರಪೇಟೆ ಕಡೆಯ ಇಬ್ಬರು ಯುವ ಎಂಜಿನಿಯರ್‌ಗಳು, ಒಬ್ಬ ಹುಡುಗ ಒಬ್ಬ ಹುಡುಗಿ, ಈ ಕೆಲಸವನ್ನು ತಾನಾಗಿ ಮಾಡುವ ಉಪಕರಣವೊಂದನ್ನು ಕಟ್ಟಿ, ಅದಕ್ಕಾಗಿ ತಾವೇ ಬರೆದ ಲಿನಕ್ಸ್ ಡ್ರೈವರನ್ನು, ಅಂದರೆ ಉಪಕರಣವನ್ನು ನಡೆಸುವ ಕೋಡನ್ನು, ನೋಡಿಕೊಡಿ ಎಂದು ಕಳೆದ ವರ್ಷ ನನ್ನ ಬಳಿ ತಂದರು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಡ್ರೈವರ್‌ಗಳನ್ನು ಬರೆಯುವುದು, ಅದಕ್ಕಿಂತ ಹೆಚ್ಚಾಗಿ ಇತರರು ಬರೆದದ್ದನ್ನು ಪರಿಶೀಲಿಸುವುದು ನನ್ನ ವೃತ್ತಿ. ಒಂದೇ ದತ್ತಾಂಶವನ್ನು ಹಲವರು ಒಂದೇ ಹೊತ್ತಿಗೆ ಮುಟ್ಟುವ ಕೋಡನ್ನು ಹೇಗೆ ಓದಬೇಕು ಎಂದು ಹೇಳಲು ಸುಮಾರು ನಾನೂರು ಸಾಲಿನ ಆ ಡ್ರೈವರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಈಚೆಗೆ ಸಿಕ್ಕಿಲ್ಲ; ಅವರ ಒಪ್ಪಿಗೆ ಪಡೆದೇ ಅದನ್ನು ಇಲ್ಲಿ ಬಳಸುತ್ತಿದ್ದೇನೆ.

ಉಪಕರಣ ಸರಳವಾದದ್ದು. ಆಲಿಕೆಯ ಕೆಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ಸೆಂಟು ಮಳೆಯ ನೀರು ತುಂಬಿದೊಡನೆ ಬಟ್ಟಲು ಮಗುಚಿ ಇನ್ನೊಂದು ಮೇಲೆ ಬರುತ್ತದೆ, ಆ ಮಗುಚುವಿಕೆಯಲ್ಲಿ ಒಂದು ಸ್ವಿಚ್ ಮುಚ್ಚಿ ತೆರೆಯುತ್ತದೆ, ಪ್ರೊಸೆಸರ್‌ಗೆ ಒಂದು ಇಂಟರಪ್ಟ್, ಅಂದರೆ ಕೈಯಲ್ಲಿರುವ ಕೆಲಸ ನಿಲ್ಲಿಸಿ ಇತ್ತ ನೋಡು ಎನ್ನುವ ಸಂಕೇತ, ಹೋಗುತ್ತದೆ. ಆ ಸಂಕೇತಕ್ಕೆ ಓಗೊಡುವ ಫಂಕ್ಷನ್, ಅಂದರೆ ಇಂಟರಪ್ಟ್ ಹ್ಯಾಂಡ್ಲರ್, ಎಣಿಕೆಯನ್ನು ಒಂದು ಹೆಚ್ಚಿಸಿ, ಕೊನೆಯ ಮಗುಚುವಿಕೆಯ ಸಮಯವನ್ನು ಬರೆದು, ಅರ್ಧ ಗಂಟೆಯ ಟೈಮರನ್ನು ಮತ್ತೆ ಮೊದಲಿನಿಂದ ಓಡಿಸುತ್ತದೆ. ಅರ್ಧ ಗಂಟೆಯವರೆಗೆ ಬಟ್ಟಲು ಮಗುಚದಿದ್ದರೆ ಮಳೆ ನಿಂತಿತೆಂದು ಟೈಮರ್ ಗುರುತು ಹಾಕುತ್ತದೆ. ಇತ್ತ ಒಂದು ಸಾಮಾನ್ಯ ಪ್ರೋಗ್ರಾಮು ಸೆಕೆಂಡಿಗೊಮ್ಮೆ ಎಣಿಕೆ ಮತ್ತು ಸಮಯ ಎರಡನ್ನೂ ಓದಿ ಮೊಬೈಲಿಗೆ ಕಳಿಸುತ್ತದೆ. ಅಂದರೆ ಒಂದೇ ಸ್ಟ್ರಕ್ಚರನ್ನು (ಈ ಎಣಿಕೆ, ಸಮಯಗಳನ್ನು ಒಟ್ಟಿಗೆ ಇಟ್ಟ ದತ್ತಾಂಶದ ಕಟ್ಟನ್ನು) ಮುಟ್ಟುವವರು ಮೂವರು: ಓದುವ ಪ್ರೋಗ್ರಾಮಿನ ಪರವಾಗಿ ಓಡುವ ಕರ್ನಲ್ ಕೋಡು, ಟೈಮರ್, ಇಂಟರಪ್ಟ್. ಈ ಮೂವರಿಗೂ ಒಬ್ಬರನ್ನೊಬ್ಬರು ಅಡ್ಡಗಟ್ಟುವ ಹಕ್ಕು ಸಮನಾಗಿಲ್ಲ. ಇಂಟರಪ್ಟ್ ಉಳಿದಿಬ್ಬರನ್ನೂ ನಡುದಾರಿಯಲ್ಲಿ ನಿಲ್ಲಿಸಬಲ್ಲದು, ಟೈಮರ್ ಪ್ರೋಗ್ರಾಮನ್ನು ನಿಲ್ಲಿಸಬಲ್ಲದು, ಪ್ರೋಗ್ರಾಮಿಗೆ ಯಾರನ್ನೂ ನಿಲ್ಲಿಸಲಾಗದು. ಹಲವು ಕೋರ್‌ಗಳಿರುವ, ಅಂದರೆ ಪ್ರೊಸೆಸರಿನೊಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಹಲವು ಘಟಕಗಳಿರುವ ಬೋರ್ಡಿನಲ್ಲಂತೂ ಮೂವರೂ ಒಂದೇ ಗಳಿಗೆಯಲ್ಲಿ ಬೇರೆ ಬೇರೆ ಕೋರ್‌ಗಳ ಮೇಲೆ ಓಡುತ್ತಿರಬಹುದು.

ಪರಿಶೀಲನೆಗೆ ಕುಳಿತಾಗ ಹೆಚ್ಚಿನವರು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತಾರೆ. ಬೇರೆ ಬಗೆಯ ಕೋಡಿಗೆ ಅದು ಸಾಕಾಗಬಹುದು, ಲಾಕ್‌ಗಳಿರುವ, ಅಂದರೆ ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಬೀಗ ಹಾಕುವ ಕೋಡಿಗೆ ಸಾಲದು. ಸಾಲುಗಳ ಓದು ಒಬ್ಬನೇ ನಡೆದ ದಾರಿಯನ್ನಷ್ಟೇ ತೋರಿಸುತ್ತದೆ, ತಪ್ಪು ಇರುವುದು ಇಬ್ಬರು ನಡೆಯುವ ದಾರಿಗಳು ಕೂಡುವಲ್ಲಿ. ಆದ್ದರಿಂದ ನಾನು ಫಂಕ್ಷನ್‌ಗಳನ್ನು ಪಕ್ಕಕ್ಕಿಟ್ಟು ಮೊದಲು ಸ್ಟ್ರಕ್ಚರನ್ನು ತೆರೆಯುತ್ತೇನೆ. ಅದರ ಒಂದೊಂದು ಫೀಲ್ಡಿನ ಮುಂದೆಯೂ ಇದನ್ನು ಯಾರು ಯಾರು ಬರೆಯುತ್ತಾರೆ, ಯಾರು ಓದುತ್ತಾರೆ, ಯಾವ ಲಾಕ್ ಹಿಡಿದು, ಎಂದು ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. ಲಾಕ್ ಇರುವುದು ಕೋಡನ್ನು ಕಾಯುವುದಕ್ಕಲ್ಲ, ದತ್ತಾಂಶವನ್ನು ಕಾಯುವುದಕ್ಕೆ. ‘ಈ ಫಂಕ್ಷನ್ನಿನಲ್ಲಿ ಲಾಕ್ ಹಿಡಿದಿದ್ದೇವೆ’ ಎಂಬ ಮಾತಿಗೆ ಅಷ್ಟರಿಂದಲೇ ಅರ್ಥ ಬರುವುದಿಲ್ಲ. ‘ಎಣಿಕೆ ಮತ್ತು ಸಮಯ ಇವೆರಡೂ ಈ ಲಾಕಿನ ಅಡಿಯಲ್ಲಲ್ಲದೆ ಎಲ್ಲಿಯೂ ಮುಟ್ಟಲ್ಪಡುವುದಿಲ್ಲ’ ಎಂದರೆ ಅದೊಂದು ನಿಯಮ, ಅದನ್ನು ಪರೀಕ್ಷಿಸಬಹುದು, ಯಾರಾದರೂ ಮುರಿದರೆ ಬೆರಳಿಟ್ಟು ತೋರಿಸಬಹುದು. ನಿಯಮ ಸ್ಟ್ರಕ್ಚರಿನ ಪಕ್ಕದ ಟಿಪ್ಪಣಿಯಲ್ಲಿ ಇಲ್ಲದಿದ್ದರೆ ನನ್ನ ಮೊದಲ ಪತ್ರ ಅದನ್ನು ಕೇಳುವುದಕ್ಕೇ ಮೀಸಲು. ಕೋಡನ್ನು ಓದಿ ನಿಯಮವನ್ನು ನಾನೇ ಊಹಿಸಬಲ್ಲೆ, ಆದರೆ ಹಾಗೆ ಮಾಡಿದರೆ ಬರೆದವರ ತಪ್ಪನ್ನೇ ನಿಯಮವೆಂದು ನಾನು ಒಪ್ಪಿಕೊಂಡಂತಾಗುತ್ತದೆ. ಬರೆದವರ ಉದ್ದೇಶವೂ ಅವರು ಬರೆದ ಕೋಡೂ ನನ್ನ ಮುಂದೆ ಬೇರೆ ಬೇರೆಯಾಗಿ ಇರಬೇಕು, ಆಗ ಮಾತ್ರ ಅವುಗಳ ನಡುವಿನ ಬಿರುಕು ಕಾಣುತ್ತದೆ.

ಮಳೆಮಾಪಕದ ಡ್ರೈವರಿನಲ್ಲಿ ಒಂದೇ ಸ್ಪಿನ್ ಲಾಕ್, ಅಂದರೆ ಸಿಗುವವರೆಗೆ ಸುತ್ತುತ್ತ ಕಾಯಬೇಕಾದ ಲಾಕ್, ಇತ್ತು. ಹ್ಯಾಂಡ್ಲರ್ ಅದನ್ನು ಹಿಡಿದು ಎಣಿಕೆ ಬರೆಯುತ್ತಿತ್ತು, ಓದುವ ಫಂಕ್ಷನ್ನೂ ಅದನ್ನೇ ಹಿಡಿದು ಓದುತ್ತಿತ್ತು. ಸಾಲು ಸಾಲಾಗಿ ಓದಿದವರಿಗೆ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ, ಹಿಡಿದ ಲಾಕನ್ನು ಬಿಡದೆ ಹೊರಬರುವ ದಾರಿ ಯಾವುದೂ ಇರಲಿಲ್ಲ. ಆದರೆ ಓದುವ ಫಂಕ್ಷನ್ ಬಳಸಿದ್ದು ಇಂಟರಪ್ಟುಗಳನ್ನು ತಡೆಯದ ಸಾದಾ ರೂಪದ ಸ್ಪಿನ್ ಲಾಕನ್ನು. ಓದುವ ಕೋಡು ಲಾಕ್ ಹಿಡಿದಿರುವ ಆ ಎರಡು ಮೈಕ್ರೋಸೆಕೆಂಡಿನಲ್ಲಿ ಅದೇ ಕೋರಿನ ಮೇಲೆ ಬಟ್ಟಲಿನ ಇಂಟರಪ್ಟ್ ಬಂದಿತೆನ್ನಿ. ಹ್ಯಾಂಡ್ಲರ್ ಲಾಕ್ ಬಿಡುಗಡೆಯಾಗಲಿ ಎಂದು ಅಲ್ಲಿಯೇ ಸುತ್ತುತ್ತ ನಿಲ್ಲುತ್ತದೆ. ಲಾಕನ್ನು ಬಿಡಬೇಕಾದ ಕೋಡು ಹ್ಯಾಂಡ್ಲರ್ ಮುಗಿಯಲಿ ಎಂದು ಕಾಯುತ್ತದೆ. ಇಬ್ಬರೂ ಮುಗಿಯುವುದಿಲ್ಲ. ಆ ಬಳಿಕ ಬೇರೆ ಕೋರ್‌ನಲ್ಲಿ ಯಾರು ಎಣಿಕೆ ಓದಲು ಬಂದರೂ ಅವರೂ ಅದೇ ಲಾಕಿಗಾಗಿ ಸುತ್ತತೊಡಗುತ್ತಾರೆ, ಒಂದೊಂದಾಗಿ ಕೋರ್‌ಗಳು ಸಿಕ್ಕಿಬೀಳುತ್ತವೆ. ಓದುವ ಕಡೆ ಇಂಟರಪ್ಟನ್ನು ಉಳಿಸಿಟ್ಟು ತಡೆಯುವ ರೂಪವನ್ನು, ಅಂದರೆ ‘ಸ್ಪಿನ್ ಲಾಕ್ ಐಆರ್‌ಕ್ಯೂ ಸೇವ್’ ಅನ್ನು ಬಳಸಿದ್ದರೆ ಈ ಸಮಸ್ಯೆಯೇ ಹುಟ್ಟುತ್ತಿರಲಿಲ್ಲ.

ಇದನ್ನು ಹೇಳಿದಾಗ ಹುಡುಗಿಗೆ ನಂಬಿಕೆ ಬರಲಿಲ್ಲ. “ಅಕ್ಕ, ನಲ್ಲಿಯ ಕೆಳಗೆ ಮೂರು ದಿನ ಹಗಲೂ ರಾತ್ರಿ ಇಟ್ಟಿದ್ದೆವು. ಒಂದು ಸಲವೂ ನಿಂತಿಲ್ಲ,” ಎಂದಳು.

“ಯಾವ ಬೋರ್ಡಿನ ಮೇಲೆ?”

“ಮೊದಲು ಮಾಡಿದ್ದರಲ್ಲಿ. ಅದು ಒಂದೇ ಕೋರ್‌ನದು. ತೋಟಗಳಿಗೆ ಕೊಟ್ಟದ್ದು ನಾಲ್ಕು ಕೋರ್‌ನ ಬೋರ್ಡು.”

ಉತ್ತರ ಅಲ್ಲಿಯೇ ಇತ್ತು. ಒಂದೇ ಕೋರಿಗಾಗಿ, ಕರ್ನಲ್ ಕೋಡನ್ನು ನಡುವೆ ಅಡ್ಡಗಟ್ಟಲು ಬಿಡದ ಆಯ್ಕೆಯೊಂದಿಗೆ ಕಟ್ಟಿದ ಕರ್ನಲ್‌ನಲ್ಲಿ ಸಾದಾ ಸ್ಪಿನ್ ಲಾಕ್ ಎಂಬುದು ಕಂಪೈಲ್ ಆಗುವಾಗಲೇ ಹೆಚ್ಚುಕಡಿಮೆ ಮಾಯವಾಗಿಬಿಡುತ್ತದೆ. ಇನ್ನೊಂದು ಕೋರೇ ಇಲ್ಲದಿರುವಾಗ ಸುತ್ತುತ್ತ ಕಾಯುವುದಕ್ಕೆ ಅರ್ಥವಿಲ್ಲವೆಂದು ಅಲ್ಲಿ ಹಾಗೆ ಮಾಡಿದ್ದಾರೆ. ಇಲ್ಲದ ಲಾಕಿನಲ್ಲಿ ಸಿಕ್ಕಿಬೀಳುವುದು ಹೇಗೆ? ಮೂರು ದಿನವಲ್ಲ, ಮೂರು ವರ್ಷ ನಲ್ಲಿಯ ಕೆಳಗೆ ಇಟ್ಟಿದ್ದರೂ ಆ ಬೋರ್ಡು ನಿಲ್ಲುತ್ತಿರಲಿಲ್ಲ.

ಹಾಗಾದರೆ ನಾಲ್ಕು ಕೋರ್‌ನ ಬೋರ್ಡಿನಲ್ಲಿ ಎಷ್ಟು ಸಲ ನಿಲ್ಲಬಹುದು? ಇಂಥ ಪ್ರಶ್ನೆಗೆ ಅಂದಾಜಿನ ಲೆಕ್ಕವನ್ನಾದರೂ ಹಾಕುವುದು ನನ್ನ ಅಭ್ಯಾಸ, ಯಾಕೆಂದರೆ ‘ಆಗುವ ಸಾಧ್ಯತೆ ಬಹಳ ಕಡಿಮೆ’ ಎಂಬ ಮಾತು ಪರಿಶೀಲನೆಯಲ್ಲಿ ಅತಿ ಹೆಚ್ಚು ಕೇಳಿಬರುವ ಸಮಾಧಾನ. ಜೋರು ಮಳೆ ಗಂಟೆಗೆ ನಾಲ್ಕು ಇಂಚಿನಂತೆ ಸುರಿಯುತ್ತಿದ್ದರೆ ಗಂಟೆಗೆ 400 ಸಲ, ಅಂದರೆ ಒಂಬತ್ತು ಸೆಕೆಂಡಿಗೊಮ್ಮೆ ಬಟ್ಟಲು ಮಗುಚುತ್ತದೆ. ಸ್ವಿಚ್ಚಿನ ಲೋಹದ ಪಟ್ಟಿ ಒಮ್ಮೆಗೇ ಕೂತುಕೊಳ್ಳದೆ ಪುಟಿಯುವುದರಿಂದ ಪ್ರತಿ ಸಲಕ್ಕೂ ಐದರಂತೆ ಇಂಟರಪ್ಟ್ ಬರುತ್ತದೆಂದು ಇಟ್ಟುಕೊಳ್ಳೋಣ. ಲಾಕ್ ಹಿಡಿದಿರುವ ಹೊತ್ತು ಎರಡು ಮೈಕ್ರೋಸೆಕೆಂಡು, ಓದುವುದು ಸೆಕೆಂಡಿಗೊಮ್ಮೆ, ಎರಡೂ ಒಂದೇ ಕೋರಿನ ಮೇಲೆ ಬೀಳುವುದು ನಾಲ್ಕರಲ್ಲಿ ಒಂದು ಸಲ. ಗುಣಿಸಿದರೆ ಜೋರು ಮಳೆಯ ಸುಮಾರು ಸಾವಿರ ಗಂಟೆಗೆ ಒಮ್ಮೆ ಒಂದು ಉಪಕರಣ ನಿಲ್ಲುತ್ತದೆ. ಇದು ಒಬ್ಬರ ಮೇಜಿನ ಮೇಲೆ ಎಂದೂ ಕಾಣಸಿಗದ ತಪ್ಪು. ಅದೇ ಉಪಕರಣವನ್ನು ಮೂವತ್ತು ತೋಟಗಳಲ್ಲಿ ಇಟ್ಟರೆ ಜೋರು ಮಳೆಯ ಮೂವತ್ತಮೂರು ಗಂಟೆಗೆ ಸರಾಸರಿ ಒಂದು ನಿಲ್ಲುತ್ತದೆ, ಅದೂ ಬೇಸಿಗೆಯಲ್ಲಿ ಎಂದಿಗೂ ಅಲ್ಲ, ಅಳತೆ ಬೇಕೇಬೇಕಾದ ಆಷಾಢದ ಜಡಿಮಳೆಯಲ್ಲೇ. ಇದನ್ನು ಕೇಳಿದ ಮೇಲೆ ಹುಡುಗ ಒಂದು ಸಂಗತಿಯನ್ನು ನೆನಪಿಸಿಕೊಂಡ. ಹಿಂದಿನ ಮುಂಗಾರಿನಲ್ಲಿ ಪ್ರಯೋಗಕ್ಕೆಂದು ಹತ್ತು ಕಡೆ ಇಟ್ಟಿದ್ದ ಮಾಪಕಗಳಲ್ಲಿ ಒಂದು ರಾತ್ರಿ ಸುಮ್ಮನೆ ನಿಂತುಹೋಗಿ, ಆಫ್ ಮಾಡಿ ಆನ್ ಮಾಡಿದೊಡನೆ ಸರಿಯಾಗಿತ್ತಂತೆ. ಮಳೆಗಾಲದಲ್ಲಿ ನಮ್ಮ ಊರುಗಳ ಕರೆಂಟಿನ ಪಾಡು ಗೊತ್ತಿರುವವರು ಅದಕ್ಕೆ ಬೇರೆ ಕಾರಣ ಹುಡುಕುವುದಿಲ್ಲ, ಅವರೂ ಹುಡುಕಿರಲಿಲ್ಲ. ಅದು ಈ ತಪ್ಪಿನಿಂದಲೇ ನಿಂತಿತು ಎಂದು ಈಗ ಸಾಧಿಸಲು ಬರುವುದಿಲ್ಲ. ಕುರುಹು ಉಳಿಸದೆ ಹೋಗುವುದು ಈ ಬಗೆಯ ತಪ್ಪುಗಳ ಸ್ವಭಾವವೇ ಆಗಿದೆ.

ಇಲ್ಲಿ ತಪ್ಪು ಹಿಡಿಯುವ ಒಂದು ಸಾಫ್ಟ್‌ವೇರ್ ಸಾಧನದ ಬಗ್ಗೆ ಒತ್ತಿ ಹೇಳಬೇಕು. 2006ರಲ್ಲಿ ಇಂಗೊ ಮೊಲ್ನಾರ್ ಮತ್ತು ಆರ್ಯನ್ ವಾನ್ ಡೆ ವೆನ್ ಅವರು ಲಿನಕ್ಸ್‌ಗೆ ಸೇರಿಸಿದ ‘ಲಾಕ್‌ಡೆಪ್’ ಎಂಬುದು ಲಾಕ್‌ಗಳು ಹೇಗೆ ಬಳಕೆಯಾಗುತ್ತಿವೆ ಎಂಬುದನ್ನು ಓಡುತ್ತಿರುವ ಕರ್ನಲ್‌ನ ಒಳಗೇ ಕೂತು ಗಮನಿಸುತ್ತದೆ. ಅದಕ್ಕೆ ಡೆಡ್‌ಲಾಕ್, ಅಂದರೆ ಮೇಲೆ ಹೇಳಿದಂತೆ ಒಬ್ಬರಿಗೊಬ್ಬರು ಕಾಯುತ್ತ ನಿಂತುಬಿಡುವುದು, ನಿಜವಾಗಿ ಆಗಬೇಕಾಗಿಲ್ಲ. ಈ ಲಾಕನ್ನು ಒಮ್ಮೆ ಇಂಟರಪ್ಟಿನ ಒಳಗೆ ಹಿಡಿದದ್ದನ್ನು ಕಂಡಿದ್ದೇನೆ, ಇನ್ನೊಮ್ಮೆ ಇಂಟರಪ್ಟುಗಳು ತೆರೆದಿರುವಾಗ ಹಿಡಿದದ್ದನ್ನೂ ಕಂಡಿದ್ದೇನೆ, ಇವೆರಡೂ ಎಂದೋ ಒಂದು ದಿನ ಒಂದರ ಮೇಲೊಂದು ಬೀಳಬಹುದು ಎಂದು ಎರಡು ಬಿಡಿ ಘಟನೆಗಳಿಂದಲೇ ಅದು ತೀರ್ಮಾನಿಸುತ್ತದೆ. ಲಾಕ್ ‘ಅ’ ಹಿಡಿದು ‘ಆ’ ಹಿಡಿದವರನ್ನು ಒಂದೆಡೆ, ‘ಆ’ ಹಿಡಿದು ‘ಅ’ ಹಿಡಿದವರನ್ನು ಇನ್ನೊಂದೆಡೆ ಕಂಡರೂ ಹೀಗೆಯೇ ಎಚ್ಚರಿಸುತ್ತದೆ. ಅದನ್ನು ಚಾಲೂ ಮಾಡಿ ಕಟ್ಟಿದ ಕರ್ನಲ್‌ನಲ್ಲಿ, ಆ ಒಂಟಿ ಕೋರ್‌ನ ಬೋರ್ಡಿನ ಮೇಲೆಯೇ, ಒಂದು ಸಲ ಬಟ್ಟಲು ಮಗುಚಿ ಒಂದು ಸಲ ಎಣಿಕೆ ಓದಿದ್ದರೆ ಸಾಕಿತ್ತು: ಮೂರು ದಿನದ ನಲ್ಲಿ ನೀರು ತೋರಿಸದ್ದನ್ನು ಅದು ಮೂರು ನಿಮಿಷದಲ್ಲಿ ತೋರಿಸುತ್ತಿತ್ತು. ಲಾಕ್‌ಡೆಪ್ ಚಾಲೂ ಇಟ್ಟು ಓಡಿಸಿದ್ದೀರಾ ಎಂದು ನಾನು ಪ್ರತಿ ಪ್ಯಾಚಿನ, ಅಂದರೆ ಪರಿಶೀಲನೆಗೆ ಬರುವ ಪ್ರತಿ ಕೋಡು ಬದಲಾವಣೆಯ, ಬರಹಗಾರರನ್ನೂ ಕೇಳುತ್ತೇನೆ, ಇಲ್ಲವೆಂದರೆ ಓಡಿಸಿ ಬನ್ನಿ ಎನ್ನುತ್ತೇನೆ. ಯಂತ್ರ ಹಿಡಿಯಬಲ್ಲ ತಪ್ಪುಗಳಿಗೆ ಮನುಷ್ಯರ ಕಣ್ಣನ್ನು ಸವೆಸುವುದು ಸರಿಯಲ್ಲ. ಆದರೆ ಲಾಕ್‌ಡೆಪ್‌ಗೆ ಲಾಕ್‌ಗಳು ಗೊತ್ತು, ಅವು ಕಾಯುವ ದತ್ತಾಂಶ ಗೊತ್ತಿಲ್ಲ. ಲಾಕನ್ನು ಹಿಡಿಯಲೇ ಇಲ್ಲದವನನ್ನು ಅದು ಹಿಡಿಯಲಾರದು. ಆ ಕೆಲಸಕ್ಕೆ 2020ರಲ್ಲಿ ಕರ್ನಲ್‌ನ 5.8ನೇ ಆವೃತ್ತಿಯೊಡನೆ ಬಂದ ಕೆಸಿಎಸ್ಎಎನ್ ಎಂಬ ಇನ್ನೊಂದು ಸಾಧನ ಇದೆ. ಅದು ಅಲ್ಲಲ್ಲಿ ಒಂದು ಓದು ಅಥವಾ ಬರಹವನ್ನು ತುಸು ತಡೆದು ನಿಲ್ಲಿಸಿ, ಅದೇ ಹೊತ್ತಿಗೆ ಬೇರೆ ಯಾರಾದರೂ ಅದೇ ಜಾಗವನ್ನು ಮುಟ್ಟುತ್ತಾರೆಯೇ ಎಂದು ಕಾದು ನೋಡುತ್ತದೆ. ಎರಡಕ್ಕೂ ಒಂದು ಮಿತಿ ಸಮಾನವಾಗಿದೆ: ಓಡದ ದಾರಿಯ ಬಗ್ಗೆ ಅವು ಏನನ್ನೂ ಹೇಳಲಾರವು.

ಓಡದ ದಾರಿ ಎಂದರೆ ಸಾಮಾನ್ಯವಾಗಿ ಕೊನೆಯ ದಾರಿ. ಡ್ರೈವರನ್ನು ಸೇರಿಸುವ ಫಂಕ್ಷನ್ ದಿನಕ್ಕೆ ಹತ್ತು ಸಲ ಪರೀಕ್ಷೆಗೊಳಗಾಗುತ್ತದೆ, ತೆಗೆಯುವ ಫಂಕ್ಷನ್ ಬರೆದ ದಿನ ಒಮ್ಮೆ ಓಡಿದರೆ ಹೆಚ್ಚು. ಹಾಗಾಗಿಯೇ ಸ್ಟ್ರಕ್ಚರಿನ ನಂತರ ನಾನು ಓದುವುದು ‘ರಿಮೂವ್’ ಫಂಕ್ಷನ್ನನ್ನು, ಉಳಿದೆಲ್ಲದಕ್ಕಿಂತ ಮೊದಲು. ನನ್ನ ಅನುಭವದಲ್ಲಿ ಪ್ಯಾಚುಗಳಲ್ಲಿನ ಗಂಭೀರ ತಪ್ಪುಗಳು ಹೆಚ್ಚಾಗಿ ಸಿಕ್ಕಿರುವುದು ಅಲ್ಲಿಯೇ. ಹುಟ್ಟುವಾಗ ದತ್ತಾಂಶವನ್ನು ಒಬ್ಬನೇ ಬಲ್ಲ, ಸಾಯುವಾಗ ಅದನ್ನು ಯಾರು ಯಾರು ಹಿಡಿದಿದ್ದಾರೆಂದು ಯಾರಿಗೂ ಪೂರ್ತಿ ತಿಳಿದಿರುವುದಿಲ್ಲ.

ಮಳೆಮಾಪಕದ ರಿಮೂವ್ ಐದೇ ಸಾಲಿನದು. ಮೊದಲು ಟೈಮರನ್ನು ನಿಲ್ಲಿಸಿ, ಅದರ ಫಂಕ್ಷನ್ ಓಡುತ್ತಿದ್ದರೆ ಮುಗಿಯುವವರೆಗೆ ಕಾಯುತ್ತದೆ. ಬಳಿಕ ದತ್ತಾಂಶದ ಮೆಮೊರಿಯನ್ನು ಬಿಡುಗಡೆ ಮಾಡುತ್ತದೆ. ಇಂಟರಪ್ಟನ್ನು ಬಿಡುವ ಸಾಲು ಅಲ್ಲಿ ಇಲ್ಲ. ಇಂಟರಪ್ಟನ್ನು ‘ಡೆವ್ಎಂ’ ಎಂಬ ಅನುಕೂಲದ ಮೂಲಕ ಕೇಳಿ ಪಡೆದಿದ್ದರು, ಹಾಗೆ ಪಡೆದದ್ದನ್ನು ಕರ್ನಲ್ ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಆದರೆ ತೆಗೆದುಕೊಳ್ಳುವುದು ರಿಮೂವ್ ಫಂಕ್ಷನ್ ಮುಗಿದ ಮೇಲೆ. ಅಂದರೆ ಟೈಮರ್ ನಿಂತ ಸಾಲಿಗೂ ಇಂಟರಪ್ಟ್ ಬಿಡುಗಡೆಯಾಗುವ ಗಳಿಗೆಗೂ ನಡುವೆ ಒಂದು ಸಂದು ಉಳಿಯಿತು. ಆ ಸಂದಿನಲ್ಲಿ ಬಟ್ಟಲು ಮಗುಚಿದರೆ ಹ್ಯಾಂಡ್ಲರ್ ತನ್ನ ಕೆಲಸವನ್ನು ಎಂದಿನಂತೆ ಮಾಡುತ್ತದೆ: ಎಣಿಕೆ ಹೆಚ್ಚಿಸುತ್ತದೆ, ಅರ್ಧ ಗಂಟೆಯ ಟೈಮರನ್ನು ಮತ್ತೆ ಓಡಿಸುತ್ತದೆ. ಮೆಮೊರಿ ಆಗಲೇ ಬಿಡುಗಡೆಯಾಗಿದ್ದರೆ ಆ ಬರಹಗಳೇ ಬೇರೆಯವರ ಜಾಗಕ್ಕೆ ಬೀಳುತ್ತವೆ. ಇನ್ನೂ ಆಗಿರದಿದ್ದರೆ ಪರಿಣಾಮ ಇನ್ನಷ್ಟು ದೂರದಲ್ಲಿ ಸಿಡಿಯುತ್ತದೆ. ಡ್ರೈವರ್ ಹೋಯಿತು, ಎಲ್ಲರೂ ಅದನ್ನು ಮರೆತರು, ಸರಿಯಾಗಿ ಅರ್ಧ ಗಂಟೆಯ ನಂತರ ಇಲ್ಲದ ಸ್ಟ್ರಕ್ಚರಿನೊಳಗಿನ ಟೈಮರ್ ಎದ್ದು ಇಲ್ಲದ ಫಂಕ್ಷನ್ನನ್ನು ಕರೆಯುತ್ತದೆ, ಕರ್ನಲ್ ಕುಸಿಯುತ್ತದೆ. ಆಗ ಪರದೆಯ ಮೇಲೆ ಬರುವ ವರದಿಯಲ್ಲಿ ಮಳೆಮಾಪಕದ ಹೆಸರೂ ಇರುವುದಿಲ್ಲ.

ಪರಿಹಾರ ಇರುವುದು ಕ್ರಮದಲ್ಲಿ. ಎರಡು ವಸ್ತುಗಳಲ್ಲಿ ಒಂದು ಇನ್ನೊಂದನ್ನು ಎಬ್ಬಿಸಬಲ್ಲದಾದರೆ ಎಬ್ಬಿಸುವುದನ್ನು ಮೊದಲು ನಿಲ್ಲಿಸಬೇಕು, ಒರತೆ ಕಟ್ಟದೆ ಕೆರೆ ಖಾಲಿ ಮಾಡಲಾಗದು. ಇಂಟರಪ್ಟನ್ನು ಮೊದಲು ಬಿಡಬೇಕು. ‘ಫ್ರೀ ಐಆರ್‌ಕ್ಯೂ’ ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ತಾನೇ ಕಾಯುತ್ತದೆ. ಬಳಿಕ ಟೈಮರ್, ಕೊನೆಗೆ ಮೆಮೊರಿ. ಎರಡು ವಸ್ತುಗಳು ಪರಸ್ಪರ ಎಬ್ಬಿಸುವಂತಿದ್ದರೆ ಯಾವ ಕ್ರಮವೂ ಸಾಲದು. ಅಂಥ ಕಡೆ ಬಳಸಲೆಂದು 2023ರ 6.2ನೇ ಆವೃತ್ತಿಯಲ್ಲಿ ‘ಟೈಮರ್ ಶಟ್‌ಡೌನ್ ಸಿಂಕ್’ ಬಂದಿತು, ಅದನ್ನು ಕರೆದ ಮೇಲೆ ಯಾರು ಓಡಿಸಿದರೂ ಆ ಟೈಮರ್ ಓಡುವುದಿಲ್ಲ. ಹೀಗೆ ಕಾಯುವ ಫಂಕ್ಷನ್‌ಗಳಿಗೆ ಇನ್ನೊಂದು ಅಪಾಯವೂ ಅಂಟಿಕೊಂಡಿದೆ: ಟೈಮರಿನ ಫಂಕ್ಷನ್ ಬಯಸುವ ಲಾಕನ್ನು ನಾವೇ ಹಿಡಿದುಕೊಂಡು ಅದು ಮುಗಿಯಲಿ ಎಂದು ಕಾದರೆ ಮುಗಿಯುವುದೇ ಇಲ್ಲ. ಹೆಸರಿನ ಕೊನೆಗೆ ‘ಸಿಂಕ್’ ಇರುವ ಯಾವ ಕರೆ ಕಂಡರೂ ಆ ಸಾಲಿನಲ್ಲಿ ಯಾವ ಯಾವ ಲಾಕ್ ಕೈಯಲ್ಲಿದೆ ಎಂದು ಮೇಲಕ್ಕೆ ಹತ್ತಿ ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ.

ಮೊದಲ ಸುತ್ತಿನ ನನ್ನ ಪತ್ರ ನೋಡಿದ ಹುಡುಗ ಒಂದು ವಾರದಲ್ಲಿ ಹೊಸ ಪ್ಯಾಚ್ ಕಳಿಸಿದ. ಲಾಕಿನಿಂದಲೇ ಇಷ್ಟೆಲ್ಲ ತೊಂದರೆಯೆಂದು ಅವನು ಲಾಕನ್ನೇ ತೆಗೆದುಹಾಕಿದ್ದ. ಹ್ಯಾಂಡ್ಲರ್ ಸಮಯ ಬರೆದು, ನಂತರ ‘ಹೊಸದಿದೆ’ ಎಂಬ ಗುರುತನ್ನು ಒಂದಕ್ಕೆ ಏರಿಸುತ್ತದೆ, ಓದುವವನು ಗುರುತು ನೋಡಿ ಸಮಯ ಓದುತ್ತಾನೆ. ಚುರುಕಿನ ಎಂಜಿನಿಯರ್‌ಗಳೆಲ್ಲ ಒಮ್ಮೆ ಹಾಯ್ದುಹೋಗುವ ದಾರಿ ಇದು, ಆದ್ದರಿಂದ ತುಸು ನಿಂತು ವಿವರಿಸುತ್ತೇನೆ. ಆ ಬೋರ್ಡು 32 ಬಿಟ್‌ನ ಆರ್ಮ್, ಸಮಯದ ಫೀಲ್ಡು 64 ಬಿಟ್‌ನ ನ್ಯಾನೊಸೆಕೆಂಡು. ಅದನ್ನು ಕಂಪೈಲರ್ ಎರಡು ತುಂಡಾಗಿ ಓದುವ ಸಾಧ್ಯತೆ ಇದೆ. ಕೆಳಗಿನ 32 ಬಿಟ್ ತುಂಬಿ ಮೇಲಿನದು ಒಂದು ಏರುವುದು ಸುಮಾರು 4.3 ಸೆಕೆಂಡಿಗೊಮ್ಮೆ. ಹಳೆಯ ಸಮಯದ ಮೇಲಿನ ತುಂಡೂ ಹೊಸ ಸಮಯದ ಕೆಳಗಿನ ತುಂಡೂ ಸೇರಿ ಎಂದೂ ಸಂಭವಿಸದ ಒಂದು ಗಳಿಗೆಯನ್ನು ಓದುವವನಿಗೆ ಕೊಡುತ್ತವೆ. ಇನ್ನು, ಮೊದಲು ಸಮಯ ಆಮೇಲೆ ಗುರುತು ಎಂಬ ಬರಹದ ಕ್ರಮ ಕಾಗದದ ಮೇಲಿನದು ಮಾತ್ರ. ಕಂಪೈಲರ್ ಅದನ್ನು ಅದಲುಬದಲು ಮಾಡಬಹುದು. ಅದು ಮಾಡದಿದ್ದರೂ ಆರ್ಮ್ ಪ್ರೊಸೆಸರಿನಲ್ಲಿ ಒಂದು ಕೋರ್ ಮಾಡಿದ ಎರಡು ಬರಹಗಳು ಇನ್ನೊಂದು ಕೋರಿಗೆ ಅದೇ ಕ್ರಮದಲ್ಲಿ ಕಾಣಬೇಕೆಂದಿಲ್ಲ. ಎಕ್ಸ್86 ಯಂತ್ರಗಳು ಬರಹಗಳ ಕ್ರಮವನ್ನು ಇದಕ್ಕಿಂತ ಬಿಗಿಯಾಗಿ ಕಾಪಾಡುವುದರಿಂದ, ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದ ಕೋಡು ಬೋರ್ಡಿನಲ್ಲಿ ಕೆಡುತ್ತದೆ. ಕ್ರಮ ಬೇಕಿದ್ದರೆ ಬೇಕೆಂದು ಹೇಳಬೇಕು: ಬರೆಯುವ ಕಡೆ ‘ಸ್ಟೋರ್ ರಿಲೀಸ್’, ಓದುವ ಕಡೆ ‘ಲೋಡ್ ಅಕ್ವೈರ್’, ಎರಡೂ ಜೊತೆಯಾಗಿ. ಹೀಗೆ ಕ್ರಮ ಕಾಯುವ ಸಾಲಿಗೆ ಬ್ಯಾರಿಯರ್ ಎನ್ನುತ್ತಾರೆ; ಒಂದೇ ಬದಿಗೆ ಹಾಕಿದ ಬ್ಯಾರಿಯರ್‌ನಿಂದ ಏನೂ ಆಗುವುದಿಲ್ಲ. ಅದಕ್ಕೇ ಬ್ಯಾರಿಯರ್ ಕಂಡಾಗಲೆಲ್ಲ ಇದರ ಜೋಡಿ ಯಾವ ಫಂಕ್ಷನ್ನಿನಲ್ಲಿದೆ ಎಂದು ಪಕ್ಕದಲ್ಲೇ ಬರೆಯಿರಿ ಎಂದು ಕೇಳುತ್ತೇನೆ. ಟಿಪ್ಪಣಿಯಿಲ್ಲದ ಬ್ಯಾರಿಯರ್ ಕಂಡರೆ ಕರ್ನಲ್‌ನ ಪ್ಯಾಚ್ ತಪಾಸಣೆಯ ಸ್ಕ್ರಿಪ್ಟು ಕೂಡ ದೂರುತ್ತದೆ.

ಅವನಿಗೆ ನಾನು ಲಾಕನ್ನೇ ಮರಳಿ ತರುವಂತೆ ಹೇಳಿದೆ. ಸೆಕೆಂಡಿಗೆ ಒಂದು ಸಲ ಓದುವ ಉಪಕರಣದಲ್ಲಿ ಲಾಕ್ ಬೇಡವೆನ್ನಲು ಅಳತೆ ಮಾಡಿ ತೋರಿಸಿದ ಕಾರಣವಿರಬೇಕು, ಅಂಥ ಕಾರಣ ಇಲ್ಲಿರಲಿಲ್ಲ. ಲಾಕಿಲ್ಲದ ಕೋಡನ್ನು ಬರೆಯುವವರು ಒಬ್ಬರು, ಹತ್ತು ವರ್ಷ ಅದನ್ನು ತಿದ್ದುತ್ತ ಹೋಗುವವರು ಹಲವರು. ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಬಗ್ಗೆಯೂ ನನ್ನದು ಇದೇ ನಿಲುವು. 2002ರಲ್ಲಿ ಕರ್ನಲ್‌ಗೆ ಸೇರಿದ ಆ ವಿಧಾನ ಅದ್ಭುತವಾದದ್ದು: ಓದುವವರು ಲಾಕ್ ಹಿಡಿಯದೆ ಓದುತ್ತಾರೆ, ತೆಗೆಯುವವರು ಪಟ್ಟಿಯಿಂದ ವಸ್ತುವನ್ನು ಬಿಡಿಸಿದ ಮೇಲೆ, ಅದಕ್ಕಿಂತ ಮೊದಲೇ ಓದಲು ತೊಡಗಿದ್ದವರೆಲ್ಲ ಮುಗಿಸುವವರೆಗೆ ಕಾದು ಮೆಮೊರಿ ಬಿಡುತ್ತಾರೆ. ನೆಟ್‌ವರ್ಕ್ ದಾರಿಗಳ ಪಟ್ಟಿಯಂಥ, ಓದು ವಿಪರೀತವಾಗಿದ್ದು ಬದಲಾವಣೆ ಅಪರೂಪವಾಗಿರುವ ಕಡೆ ಅದಕ್ಕೆ ಸಾಟಿಯಿಲ್ಲ. ಸಣ್ಣ ಡ್ರೈವರಿನಲ್ಲಿ ಅದನ್ನು ಕಂಡರೆ ಮಾತ್ರ, ಓದುವ ವಲಯದ ಹೊರಗೆ ಆ ವಸ್ತುವಿನ ಪಾಯಿಂಟರನ್ನು (ಮೆಮೊರಿಯ ವಿಳಾಸವನ್ನು) ಬಳಸಿದ್ದಾರೆಯೇ, ಬರೆಯುವವರ ನಡುವೆ ಬೇರೊಂದು ಲಾಕ್ ಇದೆಯೇ ಎಂದು ಹುಡುಕಲು ಶುರುಮಾಡುತ್ತೇನೆ; ಎರಡರಲ್ಲಿ ಒಂದು ತಪ್ಪು ಆಗಾಗ ಸಿಗುತ್ತದೆ.

ಲಾಕ್ ಹೆಚ್ಚಿದ್ದಷ್ಟೂ ಕ್ಷೇಮ ಎಂದು ನಾನು ಹೇಳುತ್ತಿಲ್ಲ. 1996ರಲ್ಲಿ 2.0 ಆವೃತ್ತಿ ಹಲವು ಪ್ರೊಸೆಸರ್‌ಗಳ ಯಂತ್ರವನ್ನು ಬೆಂಬಲಿಸಿದಾಗ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಲಾಕ್ ಇತ್ತು, ಒಳಗೆ ಒಂದು ಸಲಕ್ಕೆ ಒಬ್ಬರೇ. ಅದನ್ನು ಪೂರ್ತಿ ತೆಗೆಯಲು 2011ರ 2.6.39ರವರೆಗೆ, ಹದಿನೈದು ವರ್ಷ ಬೇಕಾಯಿತು. ಇಷ್ಟು ಕಾಲ ಹಿಡಿಯಲು ಒಂದು ಮುಖ್ಯ ಕಾರಣ, ಆ ಲಾಕ್ ಯಾವ ಕಡೆ ಯಾವ ದತ್ತಾಂಶವನ್ನು ಕಾಯುತ್ತಿತ್ತು ಎಂಬುದು ಎಲ್ಲಿಯೂ ಬರೆದಿರದಿದ್ದದ್ದು. ಪ್ರತಿ ಫೈಲಿನಲ್ಲೂ ಅದನ್ನು ಹೊಸದಾಗಿ ಕಂಡುಹಿಡಿಯಬೇಕಿತ್ತು. ಸ್ಟ್ರಕ್ಚರಿನ ಪಕ್ಕದ ಎರಡು ಸಾಲಿನ ಟಿಪ್ಪಣಿಗಾಗಿ ನಾನು ಅಷ್ಟು ಹಟ ಹಿಡಿಯುವುದರ ಹಿಂದೆ ಈ ಇತಿಹಾಸವಿದೆ.

‘ಆಗುವ ಸಾಧ್ಯತೆ ಕಡಿಮೆ’ ಎಂಬ ಮಾತಿಗೂ ಒಂದು ಇತಿಹಾಸವಿದೆ. 2016ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ ‘ಡರ್ಟಿ ಕೌ’ ಎಂಬ ದೋಷ, ಆಕ್ರಮಣಕ್ಕೆ ಬಳಸಬಹುದಾದ ರೂಪದಲ್ಲಿ, 2007ರಿಂದಲೂ ಕರ್ನಲ್‌ನಲ್ಲಿತ್ತು. ಓದಲು ಮಾತ್ರ ಅನುಮತಿಯಿರುವ ಮೆಮೊರಿ ಪುಟಕ್ಕೆ ಬರೆಯಹೊರಟಾಗ ಕರ್ನಲ್ ಅದರ ಖಾಸಗಿ ಪ್ರತಿಯೊಂದನ್ನು ಮಾಡಿಕೊಟ್ಟು, ಬಳಿಕ ಬರೆಯಲು ಮತ್ತೆ ಪುಟವನ್ನು ಹುಡುಕುತ್ತದೆ. ಈ ಎರಡು ಹೆಜ್ಜೆಗಳ ನಡುವೆ ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ (ಜೊತೆಜೊತೆಗೆ ಓಡುವ ಇನ್ನೊಂದು ಎಳೆ) ಆ ಪ್ರತಿಯನ್ನು ಬಿಸಾಡಿದರೆ, ಹುಡುಕಾಟದಲ್ಲಿ ಮೂಲ ಪುಟವೇ ಸಿಕ್ಕು ಬರಹ ಅದರ ಮೇಲೆಯೇ ಬೀಳುತ್ತಿತ್ತು. ಸಾಮಾನ್ಯ ಬಳಕೆದಾರನೊಬ್ಬ ತನಗೆ ಹಕ್ಕಿಲ್ಲದ ಫೈಲನ್ನು ತಿದ್ದಿ ಯಂತ್ರದ ಒಡೆಯನಾಗಲು ಇಷ್ಟು ಸಾಕಾಯಿತು. ಇದನ್ನು ಸರಿಪಡಿಸಿದ ಪ್ಯಾಚಿನ ವಿವರಣೆಯಲ್ಲಿ ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಅವರೇ ದಾಖಲಿಸಿರುವಂತೆ, ಅವರು ಹನ್ನೊಂದು ವರ್ಷ ಮೊದಲೇ ಈ ರೇಸನ್ನು, ಅಂದರೆ ಯಾರು ಮೊದಲು ಎಂಬುದರ ಮೇಲೆ ಫಲ ಬದಲಾಗುವ ಈ ತಪ್ಪನ್ನು, ಸರಿಪಡಿಸಲು ಯತ್ನಿಸಿದ್ದರು, ಆ ತಿದ್ದುಪಡಿ ಬೇರೊಂದು ಬಗೆಯ ಯಂತ್ರದಲ್ಲಿ ತೊಂದರೆ ಕೊಟ್ಟದ್ದರಿಂದ ಅದನ್ನು ತೆಗೆಯಬೇಕಾಯಿತು. ಅಂದು ಬರಿಯ ಸಿದ್ಧಾಂತದ ಮಾತಾಗಿದ್ದ ರೇಸ್ ಮುಂದೆ ಕರ್ನಲ್ ಬೆಳೆದಂತೆ ಸುಲಭವಾಗಿ ಎಟುಕುವಂತಾಯಿತು. ಆಕ್ರಮಣ ಮಾಡುವವನು ನಮ್ಮ ಹಾಗೆ ಸೆಕೆಂಡಿಗೊಮ್ಮೆ ಯತ್ನಿಸುವುದಿಲ್ಲ, ಎರಡು ಥ್ರೆಡ್‌ಗಳನ್ನು ಲೂಪಿನಲ್ಲಿ ಕಟ್ಟಿ ಲಕ್ಷಗಟ್ಟಲೆ ಸಲ ಯತ್ನಿಸುತ್ತಾನೆ. ಸಂದು ಇದೆ ಎಂದು ತಿಳಿದ ಮೇಲೆ ಅದರ ಅಗಲ ಎಷ್ಟೆಂದು ಅಳೆಯುವುದು, ಯಾವ ತಪ್ಪನ್ನು ಮೊದಲು ತಿದ್ದಬೇಕು ಎಂದು ತೀರ್ಮಾನಿಸಲು ಮಾತ್ರ. ತಿದ್ದದೆ ಬಿಡಲು ಅಲ್ಲ.

ಮಳೆಮಾಪಕದ ಮೂರನೆಯ ಪ್ಯಾಚ್ ಕೊಡಗಿನ ಮಳೆಯ ತಿಂಗಳಾದ ಕಕ್ಕಡದ ಕೊನೆಗೆ ಬಂತು. ಸ್ಟ್ರಕ್ಚರಿನ ಮೇಲೆ ಈಗ ಟಿಪ್ಪಣಿ ಇತ್ತು: ಎಣಿಕೆ, ಕೊನೆಯ ಸಮಯ, ಮಳೆ ನಡೆಯುತ್ತಿದೆಯೇ ಎಂಬ ಗುರುತು, ಇವು ಮೂರೂ ಲಾಕಿನ ಅಡಿಯಲ್ಲಿ, ಲಾಕನ್ನು ಇಂಟರಪ್ಟ್ ಕೂಡ ಹಿಡಿಯುವುದರಿಂದ ಹೊರಗಿನವರೆಲ್ಲ ಇಂಟರಪ್ಟ್ ತಡೆದೇ ಹಿಡಿಯಬೇಕು, ತೆಗೆಯುವಾಗ ಇಂಟರಪ್ಟ್ ಮೊದಲು, ಟೈಮರ್ ನಂತರ, ಮೆಮೊರಿ ಕೊನೆಗೆ. ‘ಲಾಕ್ ಹಿಡಿದೇ ಕರೆಯಬೇಕು’ ಎಂದು ಬರಿಯ ಟಿಪ್ಪಣಿಯಲ್ಲಿದ್ದ ಒಳ ಫಂಕ್ಷನ್ನಿಗೆ ‘ಲಾಕ್‌ಡೆಪ್ ಅಸರ್ಟ್ ಹೆಲ್ಡ್’ ಸಾಲು ಸೇರಿತ್ತು, ಇನ್ನು ಯಾರಾದರೂ ಲಾಕಿಲ್ಲದೆ ಕರೆದರೆ ಕರ್ನಲ್ಲೇ ಹೇಳುತ್ತದೆ. ಓದಲು ಒಂದು ಗಂಟೆಯೂ ಬೇಕಾಗಲಿಲ್ಲ. ನಿಯಮ ಎದುರಿಗಿರುವಾಗ ಕೋಡು ಅದಕ್ಕೆ ತಕ್ಕಂತೆ ಇದೆಯೇ ಎಂದು ನೋಡುವುದಷ್ಟೇ ಉಳಿಯುತ್ತದೆ.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಉಪಕರಣದ ಮುಂದಿನ ಮಾದರಿ ಯುಎಸ್‌ಬಿ ಮೂಲಕ ಸೇರುವಂಥದ್ದು ಎಂದು ಅವರು ಮಾತಿನ ನಡುವೆ ಹೇಳಿದ್ದರು. ಒಂದು ಪ್ರೋಗ್ರಾಮು ಡಿವೈಸ್ ಫೈಲನ್ನು ತೆರೆದಿಟ್ಟುಕೊಂಡಿರುವಾಗಲೇ ಯಾರೋ ವೈರನ್ನು ಎಳೆದರೆ, ರಿಮೂವ್ ಓಡಿ ಮೆಮೊರಿ ಹೋಗಿರುತ್ತದೆ, ಪ್ರೋಗ್ರಾಮಿನ ಕೈಯಲ್ಲಿ ಫೈಲ್ ಮಾತ್ರ ಉಳಿದಿರುತ್ತದೆ. ಅದರ ಮುಂದಿನ ಓದು ಎಲ್ಲಿಗೆ ಹೋಗುತ್ತದೆ? ಕೊನೆಯ ಬಳಕೆದಾರ ಕೈಬಿಟ್ಟ ಮೇಲಷ್ಟೇ ಸ್ಟ್ರಕ್ಚರ್ ಹೋಗುವಂತೆ, ಎಷ್ಟು ಮಂದಿ ಅದನ್ನು ಹಿಡಿದಿದ್ದಾರೆಂಬ ರೆಫರೆನ್ಸ್ ಎಣಿಕೆ ಬೇಕು, ಪಟ್ಟಿಯಲ್ಲಿ ಸ್ಟ್ರಕ್ಚರನ್ನು ಹುಡುಕಿ ಆ ಎಣಿಕೆ ಏರಿಸುವ ಕೆಲಸ ನಡುವೆ ಬಿಡದ ಒಂದೇ ಲಾಕಿನ ಅಡಿಯಲ್ಲಿ ಆಗಬೇಕು. ಇದನ್ನು ಬರೆದು ಕಳಿಸಿದೆ. “ಎರಡು ದಿನ ಕೊಡಿ ಅಕ್ಕ, ಮೊದಲು ಟಿಪ್ಪಣಿ ಬರೆದು ಕಳಿಸುತ್ತೇವೆ, ಕೋಡು ಆಮೇಲೆ,” ಎಂದು ಹುಡುಗಿಯ ಉತ್ತರ ಬಂತು.